ಎರಡು ಪಟ್ಟಿಗಳ ನಡುವಿನ ವಿದ್ಯಾರ್ಥಿ

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆಯ ವೇಳಾಪಟ್ಟಿ ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ವಿಜ್ಞಾನದ ದಿನಾಂಕದ ಎದುರು ವಿಜ್ಞಾನ ಒಂದೇ ಇರುವುದಿಲ್ಲ. ರಾಜ್ಯಶಾಸ್ತ್ರ, ಹಿಂದೂಸ್ತಾನಿ ಸಂಗೀತ, ಕರ್ನಾಟಕ ಸಂಗೀತ ಎಂದೂ ಅದೇ ಸಾಲಿನಲ್ಲಿ ಅಚ್ಚಾಗಿರುತ್ತದೆ. ಗಣಿತದ ಜೊತೆಗೆ ಸಮಾಜಶಾಸ್ತ್ರ ಇರುತ್ತದೆ. ತಮ್ಮ ಮಕ್ಕಳ ಪರೀಕ್ಷೆ ಯಾವತ್ತು ಎಂದು ನೋಡಿಕೊಳ್ಳುವ ಪೋಷಕರ ಕಣ್ಣು ಅಲ್ಲಿ ನಿಲ್ಲುವುದು ಕಡಿಮೆ. ಅಂಗವಿಕಲ ಮಕ್ಕಳು, ಅದರಲ್ಲೂ ಅಂಧ ಮಕ್ಕಳು, ಗಣಿತ ಮತ್ತು ವಿಜ್ಞಾನದ ಬದಲು ತೆಗೆದುಕೊಳ್ಳಬಹುದಾದ ಪರ್ಯಾಯ ವಿಷಯಗಳಿವು. ಇದನ್ನು ಜಾರಿಗೆ ತಂದವರ ಉದ್ದೇಶವನ್ನು ಅನುಮಾನಿಸಬೇಕಾಗಿಲ್ಲ. ಕಣ್ಣು ಕಾಣದ ಮಗು ರೇಖಾಗಣಿತದ ಚಿತ್ರ ಬರೆಯಲಾಗದೆ ನಪಾಸಾಗಿ ಶಾಲೆಯನ್ನೇ ಬಿಡುವುದಕ್ಕಿಂತ ಸಂಗೀತ ಕಲಿತು ಪಾಸಾಗಲಿ ಎಂಬ ಕನಿಕರ ಅದರ ಹಿಂದಿದೆ. ಆದರೆ ಹದಿನಾಲ್ಕು ಹದಿನೈದರ ವಯಸ್ಸಿಗೆ ಗಣಿತ ಬಿಟ್ಟ ಮಗುವಿಗೆ ಮುಂದೆ ಪಿಯುಸಿ ವಿಜ್ಞಾನ ಇಲ್ಲ, ಎಂಜಿನಿಯರಿಂಗ್ ಡಿಪ್ಲೊಮಾ ಇಲ್ಲ, ಸಿಇಟಿ ಇಲ್ಲ, ನೀಟ್ ಇಲ್ಲ. ಇಡೀ ಬದುಕಿನ ದಿಕ್ಕನ್ನು ಬದಲಿಸುವ ಈ ತೀರ್ಮಾನ ಶಾಲೆಯ ಒಂದು ಅರ್ಜಿಯಲ್ಲಿ ಮುಗಿದುಹೋಗುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 17ನೇ ಕಲಂ ಪಠ್ಯಕ್ರಮ ಮತ್ತು ಪರೀಕ್ಷೆಯಲ್ಲಿ ಮಾಡಬೇಕಾದ ಮಾರ್ಪಾಡುಗಳಿಗೆ ಉದಾಹರಣೆ ಕೊಡುವಾಗ ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಎನ್ನುತ್ತದೆ. ಗಣಿತ, ವಿಜ್ಞಾನಗಳ ಹೆಸರು ಅಲ್ಲಿಲ್ಲ. ಅವು ಬರೀ ಉದಾಹರಣೆಗಳು, ಪೂರ್ಣ ಪಟ್ಟಿಯಲ್ಲ ಎಂದು ವಾದಿಸಬಹುದು. ಆದರೂ ಕಾನೂನು ಮಾಡಿದವರ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕೆ ಅದೊಂದು ಸುಳಿವು.

ಈ ಪರ್ಯಾಯವನ್ನು ಯಾರು ಬೇಡ ಎನ್ನಬಲ್ಲರು? ಮಗುವಿಗೆ ಮನೆಯಲ್ಲಿ ಪಾಠ ಹೇಳಿಕೊಡುವವರಿದ್ದರೆ, ಮುಖ್ಯೋಪಾಧ್ಯಾಯರ ಎದುರು ಕೂತು ವಾದಿಸುವಷ್ಟು ಅಪ್ಪ ಅಮ್ಮ ಓದಿದ್ದರೆ, ಬ್ರೈಲ್ ಪುಸ್ತಕವನ್ನು ಎಲ್ಲಿಂದ ತರಿಸಬೇಕು ಎಂದು ಗೊತ್ತಿದ್ದರೆ ಬೇಡ ಎನ್ನಬಹುದು. ಇವು ಯಾವುವೂ ಇಲ್ಲದ ಮನೆಯವರು ಶಾಲೆ ಕೊಟ್ಟಿದ್ದನ್ನು ತೆಗೆದುಕೊಳ್ಳುತ್ತಾರೆ. ಅಲ್ಪಸಂಖ್ಯಾತ ಸಮುದಾಯದ ಅಂಗವಿಕಲ ವಿದ್ಯಾರ್ಥಿಯ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ. ವಿಜ್ಞಾನ ಮತ್ತು ತಂತ್ರಜ್ಞಾನದ ಶಿಕ್ಷಣಕ್ಕೆ ಅಂಗವಿಕಲರಿಗೆ ಇರುವ ಅಡ್ಡಿಗಳನ್ನು ಒಂದು ಕಡೆ ಬರೆಯುತ್ತಾರೆ, ಅಲ್ಪಸಂಖ್ಯಾತರಿಗೆ ಇರುವ ಅಡ್ಡಿಗಳನ್ನು ಇನ್ನೊಂದು ಕಡೆ. ಎರಡನ್ನೂ ಕೂಡಿಸಿದರೆ ಎರಡೂ ಆಗಿರುವವರ ಕಷ್ಟ ಸಿಕ್ಕಿತು ಎಂಬ ನಂಬಿಕೆ ಸಾಮಾನ್ಯ. ಅದು ಸರಿಯಲ್ಲ ಎಂಬುದು ನನ್ನ ವಾದ. ಮೊದಲ ಪಟ್ಟಿಯ ಪರಿಹಾರಗಳೆಲ್ಲ ಬೇರೆ ಯಾವ ತೊಡಕೂ ಇಲ್ಲದ ಅಂಗವಿಕಲನನ್ನು, ಎರಡನೆಯದರ ಪರಿಹಾರಗಳೆಲ್ಲ ಅಂಗವೈಕಲ್ಯವಿಲ್ಲದ ಅಲ್ಪಸಂಖ್ಯಾತನನ್ನು ಕಣ್ಣ ಮುಂದೆ ಇಟ್ಟುಕೊಂಡು ರೂಪಿಸಿದವು. ಎರಡೂ ಆಗಿರುವ ವಿದ್ಯಾರ್ಥಿಗೆ ಆ ಪರಿಹಾರಗಳು ಕಾಗದದ ಮೇಲೆ ಎರಡು ಪಟ್ಟು ಸಿಗುತ್ತವೆ, ಕೈಗೆ ಎಷ್ಟೋ ಸಲ ಒಂದೂ ಬರುವುದಿಲ್ಲ.

ಲೆಕ್ಕದಿಂದಲೇ ನೋಡೋಣ. 2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು; ಜನಸಂಖ್ಯೆಯ ಶೇ 2.21. ಈ ಸಂಖ್ಯೆಯೇ ಕಡಿಮೆ ಎಂದು ಅಂಗವಿಕಲರ ಸಂಘಟನೆಗಳು ಹೇಳುತ್ತ ಬಂದಿವೆ, ಅದು ಬೇರೆ ಮಾತು. ಅವರಲ್ಲಿ ಅಕ್ಷರಸ್ಥರು ಶೇ 54.5. ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ 2021-22ರ ವರದಿಯಲ್ಲಿ ಒಟ್ಟು ವಿದ್ಯಾರ್ಥಿಗಳು ಸುಮಾರು 4.33 ಕೋಟಿ, ಅವರಲ್ಲಿ ಅಂಗವಿಕಲರು 88,748. ಎಂದರೆ ಸಾವಿರಕ್ಕೆ ಇಬ್ಬರು. 2016ರ ಕಾಯ್ದೆ ಸರ್ಕಾರಿ ಮತ್ತು ಅನುದಾನಿತ ಸಂಸ್ಥೆಗಳಲ್ಲಿ ಕಾಯ್ದಿರಿಸಿರುವುದು ಶೇ 5ಕ್ಕೆ ಕಡಿಮೆಯಿಲ್ಲದಷ್ಟು, ಅಂದರೆ ಸಾವಿರಕ್ಕೆ ಐವತ್ತು. ಅದೇ ವರದಿಯಲ್ಲಿ ಮುಸ್ಲಿಂ ವಿದ್ಯಾರ್ಥಿಗಳು ಸುಮಾರು 21 ಲಕ್ಷ, ಒಟ್ಟು ವಿದ್ಯಾರ್ಥಿಗಳಲ್ಲಿ ಶೇ 5ರ ಒಳಗೆ; ಜನಸಂಖ್ಯೆಯಲ್ಲಿ ಅವರ ಪಾಲು ಶೇ 14.2. ತಂತ್ರಜ್ಞಾನ ಶಿಕ್ಷಣದ ತುದಿಯಲ್ಲಿ ಅಂತರ ಇನ್ನೂ ಹೆಚ್ಚು. 2006ರ ಸಾಚಾರ್ ಸಮಿತಿಯ ವರದಿ ಐಐಟಿಗಳಲ್ಲಿ ಮುಸ್ಲಿಂ ವಿದ್ಯಾರ್ಥಿಗಳ ಪ್ರಮಾಣ ಶೇ 3.3 ಎಂದು ದಾಖಲಿಸಿತ್ತು.

ಈಗ ಮೂರನೆಯ ಪ್ರಶ್ನೆ ಕೇಳಿ: ಅಂಗವಿಕಲ ಮುಸ್ಲಿಂ ವಿದ್ಯಾರ್ಥಿಗಳೆಷ್ಟು, ಅವರಲ್ಲಿ ವಿಜ್ಞಾನ ಓದುತ್ತಿರುವವರೆಷ್ಟು? ಉತ್ತರ ಸಿಗುವುದಿಲ್ಲ. ಕಾರಣ, ಕಾಲೇಜುಗಳು ಸಮೀಕ್ಷೆಗೆ ತುಂಬಿ ಕಳಿಸುವ ನಮೂನೆ. ಅದರಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಎಂಬ ಕಾಲಂಗಳಿಗೆ ಅಡ್ಡವಾಗಿ ಅಂಗವಿಕಲರು ಒಂದು ಸಾಲು, ಮುಸ್ಲಿಮರು ಇನ್ನೊಂದು ಸಾಲು, ಇತರ ಅಲ್ಪಸಂಖ್ಯಾತರು ಮತ್ತೊಂದು ಸಾಲು. ಹಾಗಾಗಿ ದಲಿತ ಅಂಗವಿಕಲ ವಿದ್ಯಾರ್ಥಿಯನ್ನು ಹೇಗೋ ಎಣಿಸಬಹುದು, ಮುಸ್ಲಿಂ ಅಂಗವಿಕಲ ವಿದ್ಯಾರ್ಥಿಯನ್ನು ಎಣಿಸುವ ಜಾಗವೇ ಇಲ್ಲ. ಅವನನ್ನು ಎರಡೂ ಸಾಲಿನಲ್ಲಿ ಬರೆದಿರಬಹುದು, ಒಂದರಲ್ಲೇ ಬರೆದು ಬಿಟ್ಟಿರಲೂಬಹುದು. ಎರಡೂ ಒಬ್ಬನೇ ಎಂಬ ಸಂಗತಿ ಮಾತ್ರ ಗುಮಾಸ್ತರ ಮೇಜಿನ ಮೇಲೇ ಅಳಿಸಿಹೋಗುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆದರೆ ಸರ್ಕಾರ ಯಾರನ್ನು ಎಣಿಸುವುದಿಲ್ಲವೋ ಅವರಿಗಾಗಿ ಬಜೆಟ್ಟಿನಲ್ಲಿ ಹಣ ತೆಗೆದಿಡುವುದಿಲ್ಲ.

ಹೀಗೆ ಒಂದೊಂದನ್ನೇ ನೋಡುವ ಅಭ್ಯಾಸ ನಮ್ಮದಷ್ಟೇ ಅಲ್ಲ. ಅಮೆರಿಕದ ಮಿಸೌರಿಯಲ್ಲಿ ಐವರು ಕಪ್ಪು ಮಹಿಳೆಯರು ಜನರಲ್ ಮೋಟಾರ್ಸ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ 1976ರ ತೀರ್ಪು, ನೀವು ಕಪ್ಪು ಜನರಾಗಿ ದೂರು ಕೊಡಿ ಇಲ್ಲವೇ ಮಹಿಳೆಯರಾಗಿ ಕೊಡಿ, ಎರಡನ್ನೂ ಸೇರಿಸಿ ಹೊಸ ವರ್ಗ ಸೃಷ್ಟಿಸಲಾಗದು ಎಂಬ ನಿಲುವು ತಳೆಯಿತು. ಕಂಪನಿ ಕಪ್ಪು ಗಂಡಸರನ್ನೂ ಬಿಳಿಯ ಹೆಂಗಸರನ್ನೂ ಕೆಲಸಕ್ಕೆ ತೆಗೆದುಕೊಂಡಿದ್ದರಿಂದ ತಾರತಮ್ಯ ಸಾಬೀತಾಗಲೇ ಇಲ್ಲ. ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ಈ ಕುರುಡುತನವನ್ನು ಬಿಡಿಸಿಟ್ಟರು. ನಮ್ಮ ಸುಪ್ರೀಂ ಕೋರ್ಟ್ ಅದೇ ಚಿಂತನೆಯನ್ನು ವಿಸ್ತಾರವಾಗಿ ಚರ್ಚಿಸಿದ್ದು 2021ರ ಏಪ್ರಿಲಿನಲ್ಲಿ, ಪಟಾನ್ ಜಮಾಲ್ ವಲಿ ಪ್ರಕರಣದಲ್ಲಿ. ಶಿಕ್ಷಣಕ್ಕೆ ಸಂಬಂಧಿಸಿದ ಪ್ರಕರಣವಲ್ಲ ಅದು. ಪರಿಶಿಷ್ಟ ಜಾತಿಯ ಅಂಧ ಹೆಣ್ಣುಮಗಳ ಮೇಲಿನ ಅತ್ಯಾಚಾರದ್ದು. ಜಾತಿ, ಲಿಂಗ, ಅಂಗವೈಕಲ್ಯ ಒಟ್ಟಾಗಿ ಒಬ್ಬ ವ್ಯಕ್ತಿಯನ್ನು ಹೇಗೆ ದುರ್ಬಲಗೊಳಿಸುತ್ತವೆ ಎಂದು ನ್ಯಾಯಪೀಠ ವಿವರಿಸಿತು. ಇಷ್ಟಾಗಿಯೂ ದೌರ್ಜನ್ಯ ತಡೆ ಕಾಯ್ದೆಯಡಿ ನೀಡಿದ್ದ ಶಿಕ್ಷೆಯನ್ನು ಅದು ಉಳಿಸಲಾಗಲಿಲ್ಲ, ಏಕೆಂದರೆ ಕೃತ್ಯ ಜಾತಿಯ ಕಾರಣಕ್ಕೇ ನಡೆಯಿತು ಎಂಬುದಕ್ಕೆ ಪ್ರತ್ಯೇಕ ಸಾಕ್ಷ್ಯ ಇರಲಿಲ್ಲ. ಬೆರೆತಿರುವುದು ಗೊತ್ತಿದ್ದೂ ಬಿಡಿಬಿಡಿಯಾಗಿ ಸಾಬೀತು ಮಾಡಬೇಕಾದ ಇಕ್ಕಟ್ಟು ಇದು.

ಶಾಲೆಯ ಮಟ್ಟದಲ್ಲಿ ಈ ಇಕ್ಕಟ್ಟು ಪ್ರಮಾಣಪತ್ರದಲ್ಲೇ ಶುರು. ಈ ವಿಷಯದಲ್ಲಿ ಅಮೆರಿಕದ ಅನುಭವವೂ ನಮ್ಮದೂ ಒಂದಕ್ಕೊಂದು ತಿರುಗುಮುರುಗು. ಅಲ್ಲಿ ಕಪ್ಪು ಮಕ್ಕಳನ್ನು ಬುದ್ಧಿಮಾಂದ್ಯರೆಂದು ಗುರುತಿಸಿ ಪ್ರತ್ಯೇಕ ತರಗತಿಗೆ ತಳ್ಳುವುದು ಎಷ್ಟು ಅತಿಯಾಗಿತ್ತೆಂದರೆ, 1979ರಲ್ಲಿ ಲ್ಯಾರಿ ಪಿ. ಪ್ರಕರಣದಲ್ಲಿ ಫೆಡರಲ್ ನ್ಯಾಯಾಲಯ ಕ್ಯಾಲಿಫೋರ್ನಿಯಾದಲ್ಲಿ ಅದಕ್ಕಾಗಿ ಐಕ್ಯೂ ಪರೀಕ್ಷೆ ಬಳಸುವುದನ್ನೇ ತಡೆಯಬೇಕಾಯಿತು. ಅಲ್ಪಸಂಖ್ಯಾತ ಮಗುವಿಗೆ ಬೇಡದ ಹಣೆಪಟ್ಟಿ ಅಲ್ಲಿ ಅಂಟಿತು. ಇಲ್ಲಿ ಬೇಕಾದ ಗುರುತೇ ಸಿಗುವುದಿಲ್ಲ. 2016ರ ಕಾಯ್ದೆ ಅಂಗವೈಕಲ್ಯಗಳ ಸಂಖ್ಯೆಯನ್ನು 21ಕ್ಕೆ ಏರಿಸಿ ಕಲಿಕಾ ನ್ಯೂನತೆಯನ್ನೂ ಸೇರಿಸಿತು. ಆದರೆ ಡಿಸ್ಲೆಕ್ಸಿಯಾ ಇದೆಯೇ ಎಂದು ತಿಳಿಯಲು ಮಗು ಓದುವ ಭಾಷೆಯಲ್ಲೇ ಪರೀಕ್ಷೆ ಆಗಬೇಕು. ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ ಡಾಲಿ ಎಂಬ ಪರೀಕ್ಷಾ ಸಾಧನ ಮೊದಲಿಗೆ ಸಿದ್ಧವಾದದ್ದು ಹಿಂದಿ, ಮರಾಠಿ, ಕನ್ನಡ, ಇಂಗ್ಲಿಷ್ ಭಾಷೆಗಳಲ್ಲಿ. ಕನ್ನಡ ಮೊದಲ ಕಂತಿನಲ್ಲೇ ಇದ್ದದ್ದು ಸಮಾಧಾನದ ಸಂಗತಿ. ಆ ಕಂತಿನಲ್ಲಿ ಉರ್ದು ಇರಲಿಲ್ಲ. ಕಲಬುರಗಿಯಲ್ಲೋ ಬೀದರಿನಲ್ಲೋ ಉರ್ದು ಮಾಧ್ಯಮದಲ್ಲಿ ಓದುವ ಮಗು ಅಕ್ಷರ ಹಿಂದುಮುಂದು ಮಾಡಿದರೆ ಅದಕ್ಕೆ ದಡ್ಡ ಎಂಬ ಹೆಸರು ಸಿಗುತ್ತದೆಯೇ ಹೊರತು ಪ್ರಮಾಣಪತ್ರವಲ್ಲ. ಪ್ರಮಾಣಪತ್ರವಿಲ್ಲದೆ ಹೆಚ್ಚುವರಿ ಸಮಯವಿಲ್ಲ. ಸಮಯವಿಲ್ಲದೆ ಗಣಿತದ ಪತ್ರಿಕೆ ಮುಗಿಯುವುದಿಲ್ಲ. ಗಣಿತದಲ್ಲಿ ಅಂಕವಿಲ್ಲದವನಿಗೆ ವಿಜ್ಞಾನ ಬೇಡ ಎಂದು ಹೇಳುವುದು ಯಾವ ಶಾಲೆಗೂ ಕಷ್ಟವಲ್ಲ.

ಪ್ರಮಾಣಪತ್ರ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ಮುಂದಿನ ಅಡ್ಡಿ ಪುಸ್ತಕ. ಅಂಧರಿಗೆ ಗಣಿತ ಅಸಾಧ್ಯ ಎಂಬ ಮಾತಿಗೆ ಎಪ್ಪತ್ತು ವರ್ಷಗಳ ಹಿಂದೆಯೇ ಉತ್ತರ ಸಿಕ್ಕಿದೆ. ನ್ಯೂಯಾರ್ಕಿನ ಯಹೂದಿ ಕುಟುಂಬದಲ್ಲಿ 1918ರಲ್ಲಿ ಹುಟ್ಟಿದ ಏಬ್ರಹಾಂ ನೆಮೆತ್ ಅಂಧರು. ಗಣಿತ ನಿಮಗಲ್ಲ ಎಂದು ಸಲಹೆಗಾರರು ಹೇಳಿದ್ದರಿಂದ ಅವರು ಮನಶ್ಶಾಸ್ತ್ರ ಓದಿದರು. ಆಮೇಲೆ ಗಣಿತಕ್ಕೇ ಮರಳಿ, ಗಣಿತದ ಚಿಹ್ನೆಗಳಿಗೆ ತಾವೇ ಬ್ರೈಲ್ ಸಂಕೇತ ಕಟ್ಟಿ, ಡೆಟ್ರಾಯಿಟ್ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಗಣಿತ ಕಲಿಸಿದರು. 1952ರಲ್ಲಿ ಪ್ರಕಟವಾದ ಆ ಸಂಕೇತವೇ ಇವತ್ತಿನ ನೆಮೆತ್ ಕೋಡ್. ಐಐಟಿ ಬಾಂಬೆಯಲ್ಲಿ ಓದಿದ, ಹದಿಹರೆಯದಲ್ಲೇ ದೃಷ್ಟಿ ಕಳೆದುಕೊಂಡ ಟಿ.ವಿ. ರಾಮನ್, ಗಣಿತದ ಸೂತ್ರಗಳನ್ನು ಕಂಪ್ಯೂಟರ್ ಓದಿ ಹೇಳುವ ವ್ಯವಸ್ಥೆಯ ಮೇಲೆ ಕಾರ್ನೆಲ್‌ನಲ್ಲಿ ಪಿಎಚ್‌ಡಿ ಮಾಡಿದ್ದು 1994ರಲ್ಲಿ. ಹಾಗಾಗಿ ಕೊರತೆ ಇರುವುದು ತಂತ್ರಜ್ಞಾನದಲ್ಲಲ್ಲ. ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪ್ ಮಾಡಿದ ಕನ್ನಡ ಪಾಠವನ್ನು ಅದರ ಮುಂದಿಟ್ಟರೆ ಕಣ್ಣಿಗೆ ಕನ್ನಡವಾಗಿ ಕಾಣುವ ಸಾಲು ಕಿವಿಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಬೀಳುತ್ತದೆ, ಯಾಕೆಂದರೆ ಯಂತ್ರದ ಪಾಲಿಗೆ ಅಲ್ಲಿರುವುದು ಕನ್ನಡವೇ ಅಲ್ಲ. ಯುನಿಕೋಡ್ ಬಂದ ಮೇಲೆ ಕನ್ನಡದಲ್ಲಿ ಇದು ನಿಧಾನವಾಗಿ ಸುಧಾರಿಸುತ್ತಿದೆ. ಉರ್ದುವಿನ ಸ್ಥಿತಿ ಇನ್ನೂ ಹಿಂದೆ. ಇನ್‌ಪೇಜ್ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ ನಸ್ತಾಲಿಕ್ ಲಿಪಿಯ ಚೆಲುವಿಗಾಗಿ ಜೋಡಿಸಿದ ಪುಟ, ಯುನಿಕೋಡಿಗೆ ಬದಲಾಗದಿದ್ದರೆ, ಯಂತ್ರಕ್ಕೆ ಬರೀ ಚಿತ್ರವಿದ್ದಂತೆ. ಅದರ ಮೇಲೆ ಸಮೀಕರಣ, ರಚನಾಸೂತ್ರ, ನಕ್ಷೆ. ಉರ್ದು ಮಾಧ್ಯಮದ ಅಂಧ ವಿದ್ಯಾರ್ಥಿಗೆ ಅಲ್ಪಸಂಖ್ಯಾತರಿಗೆಂದು ಅಚ್ಚಾದ ಪುಸ್ತಕ ಓದಲು ಬರದು, ಅಂಧರಿಗೆಂದು ಕೊಟ್ಟ ಲ್ಯಾಪ್‌ಟಾಪ್ ಆ ಪುಸ್ತಕವನ್ನು ಓದಿ ಹೇಳದು. ಎರಡು ಸೌಲಭ್ಯವೂ ಕೈಯಲ್ಲಿದ್ದು ಪಾಠ ಮಾತ್ರ ಇಲ್ಲ.

ಕಿವುಡ ಮಕ್ಕಳ ಸಂಗತಿ ಬೇರೆ ಬಗೆಯದು. ಅವರ ಪಾಲಿಗೆ ಪುಸ್ತಕ ಕಾಣುತ್ತದೆ, ಭಾಷೆ ಸಿಗುವುದಿಲ್ಲ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಪಿಯುಸಿ ವಿಜ್ಞಾನ ಬಹುತೇಕ ಇಂಗ್ಲಿಷಿನಲ್ಲಿ. ಈ ಮೂರೂ ಕಿವಿಯ ಮೂಲಕ ಬರುವ ಭಾಷೆಗಳು. ಭಾರತೀಯ ಸಂಜ್ಞಾಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆರಂಭವಾದದ್ದು 2015ರಲ್ಲಿ. ಅದರ ನಿಘಂಟು ಮೂರು ಸಾವಿರ ಪದಗಳಿಂದ ಶುರುವಾಗಿ 2021ರ ಹೊತ್ತಿಗೆ ಹತ್ತು ಸಾವಿರಕ್ಕೆ ಬೆಳೆದಿದೆ. ಎನ್‌ಸಿಇಆರ್‌ಟಿ ಪುಸ್ತಕಗಳನ್ನು ಸಂಜ್ಞಾಭಾಷೆಗೆ ತರುವ ಒಪ್ಪಂದವೂ 2020ರಲ್ಲಿ ಆಯಿತು. ಒಳ್ಳೆಯ ಕೆಲಸ, ತಡವಾಗಿ ಬಂದದ್ದು. ದ್ಯುತಿಸಂಶ್ಲೇಷಣೆಗೆ, ಎಂಟ್ರೋಪಿಗೆ, ಅವಕಲನಕ್ಕೆ ಸಂಜ್ಞೆ ಬಲ್ಲ ಶಿಕ್ಷಕರು ಪ್ರತಿ ತಾಲ್ಲೂಕಿಗೂ ಬರುವವರೆಗೆ ನಿಘಂಟು ಜಾಲತಾಣದಲ್ಲೇ ಉಳಿಯುತ್ತದೆ. ಮೈಸೂರಿನಲ್ಲಿ 1991ರಿಂದ ಇರುವ ಜೆಎಸ್‌ಎಸ್ ವಿಶೇಷಚೇತನರ ಪಾಲಿಟೆಕ್ನಿಕ್‌ನಂಥ ಸಂಸ್ಥೆ, ತಾಂತ್ರಿಕ ಶಿಕ್ಷಣ ಈ ಮಕ್ಕಳಿಗೆ ದಕ್ಕುತ್ತದೆ ಎಂದು ತೋರಿಸಿಕೊಟ್ಟು ಮೂರು ದಶಕ ದಾಟಿದೆ. ಹಾಗೆ ಒಂದನ್ನು ಹೆಸರಿಸುವಾಗ ಅಂಥವು ಎಷ್ಟು ವಿರಳ ಎಂಬುದೂ ನೆನಪಾಗುತ್ತದೆ.

ಪ್ರಯೋಗಾಲಯದ ಆಕ್ಷೇಪ ಎಲ್ಲರ ಬಾಯಲ್ಲೂ ಮೊದಲು ಬರುವಂಥದ್ದು. ಆಮ್ಲ ಇದೆ, ಬೆಂಕಿ ಇದೆ, ಕಣ್ಣು ಕಾಣದ ಹುಡುಗ ಕೈ ಸುಟ್ಟುಕೊಂಡರೆ ಹೊಣೆ ಯಾರು? ಇದನ್ನು ನೆಪವೆಂದು ತಳ್ಳಿಹಾಕುವುದು ಸರಿಯಲ್ಲ. ಐವತ್ತು ಅರವತ್ತು ಮಕ್ಕಳ ತಂಡವನ್ನು ನೋಡಿಕೊಳ್ಳುವ ಒಬ್ಬ ಉಪನ್ಯಾಸಕರ ಭಯ ನಿಜವಾದದ್ದು. ಆದರೆ ಅಪಾಯ ಎದುರಾದಾಗ ಬೇರೆ ಮಕ್ಕಳ ವಿಷಯದಲ್ಲಿ ನಾವು ಮಾಡುವುದು ಏಪ್ರನ್, ಕನ್ನಡಕ, ಜೊತೆಗಾರ, ಮೇಲ್ವಿಚಾರಣೆ. ಅಂಗವಿಕಲ ಮಗುವಿನ ವಿಷಯದಲ್ಲಿ ಮಾತ್ರ ವಿಷಯವನ್ನೇ ತೆಗೆದುಹಾಕುತ್ತೇವೆ. ಮಾತನಾಡುವ ಥರ್ಮಾಮೀಟರ್, ಗೀರು ಹಾಕಿ ಅಳತೆ ಮುಟ್ಟಿ ತಿಳಿಯುವಂತೆ ಮಾಡಿದ ಸಿರಿಂಜು, ದ್ರಾವಣದ ಬಣ್ಣ ಬದಲಾದಾಗ ಧ್ವನಿ ಬದಲಿಸುವ ಬೆಳಕಿನ ಸಂವೇದಕ, ಇವು ಯಾವುವೂ ಕಲ್ಪನೆಯಲ್ಲ. ಐಐಟಿ ದೆಹಲಿಯಲ್ಲಿ ಪ್ರೊ. ಎಂ. ಬಾಲಕೃಷ್ಣನ್ ಅವರ ತಂಡ ಮುಟ್ಟಿ ಓದುವ ಉಬ್ಬುಚಿತ್ರಗಳ ಕೆಲಸವನ್ನು ವರ್ಷಗಳಿಂದ ಮಾಡುತ್ತಿದೆ. ಬೆಂಗಳೂರಿನ ಐಐಐಟಿಯಲ್ಲಿ ಮೊಳೆತ ವಿಷನ್ ಎಂಪವರ್ ಅಂಧ ಮಕ್ಕಳ ಶಾಲೆಗಳಲ್ಲಿ ಗಣಿತ, ವಿಜ್ಞಾನ ಕಲಿಸುವ ಸಾಮಗ್ರಿ ರೂಪಿಸುತ್ತದೆ; ಅದನ್ನು ಕಟ್ಟಿದವರಲ್ಲಿ ಒಬ್ಬರಾದ ವಿದ್ಯಾ ವೈ. ಸ್ವತಃ ಅಂಧರು. ಇನ್ನೂ ಒಂದು ಮಾತು: ಕಣ್ಣಿದ್ದವರೆಲ್ಲ ಪ್ರಯೋಗ ಮಾಡಿಯೇ ವಿಜ್ಞಾನ ಕಲಿಯುತ್ತಿದ್ದಾರೆ ಎಂಬ ಭ್ರಮೆಯನ್ನು ನಮ್ಮ ಹಳ್ಳಿಯ ಪ್ರೌಢಶಾಲೆಗಳನ್ನು ಬಲ್ಲ ಯಾರೂ ಇಟ್ಟುಕೊಳ್ಳಲಾರರು. ಮೇಷ್ಟರು ಮಾಡಿ ತೋರಿಸುತ್ತಾರೆ, ಮಕ್ಕಳು ರೆಕಾರ್ಡ್ ಪುಸ್ತಕ ನಕಲು ಮಾಡುತ್ತಾರೆ. ಪೋರ್ಟೊ ರಿಕೋದ ಖಗೋಳವಿಜ್ಞಾನಿ ವಾಂಡಾ ಡಯಾಸ್ ಮರ್ಸೆಡ್ ವಿದ್ಯಾರ್ಥಿಯಾಗಿದ್ದಾಗ ಮಧುಮೇಹದಿಂದ ದೃಷ್ಟಿ ಕಳೆದುಕೊಂಡರು. ನಕ್ಷೆಯಲ್ಲಿ ಇತರರು ನೋಡುವ ದತ್ತಾಂಶವನ್ನು ಅವರು ಧ್ವನಿಗೆ ಬದಲಿಸಿ ಕೇಳಿದರು. ಗದ್ದಲದಂತೆ ಕಾಣುವ ದತ್ತಾಂಶದಲ್ಲಿ ಅಡಗಿದ ಸುಳಿವು ಕಿವಿಗೂ ಸಿಗುತ್ತದೆ, ಕಣ್ಣಿರುವ ಸಂಶೋಧಕರಿಗೂ ಅದು ನೆರವಾಗುತ್ತದೆ ಎಂದು ಅವರ ಕೆಲಸ ತೋರಿಸಿತು.

ಪರೀಕ್ಷೆಗೆ ಬಂದರೆ, ಕಳೆದ ಕೆಲವು ವರ್ಷಗಳಲ್ಲಿ ನ್ಯಾಯಾಲಯಗಳು ಮಾಡಿದಷ್ಟನ್ನು ಶಿಕ್ಷಣ ಮಂಡಳಿಗಳು ಮಾಡಿಲ್ಲ. ಶೇ 40ಕ್ಕಿಂತ ಕಡಿಮೆ ಅಂಗವೈಕಲ್ಯ ಇರುವವರಿಗೂ ಲಿಪಿಕಾರರ ನೆರವು ನಿರಾಕರಿಸುವಂತಿಲ್ಲ ಎಂದು 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂಗವೈಕಲ್ಯದ ಪ್ರಮಾಣ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ಎಂಬಿಬಿಎಸ್ ಸೀಟು ತಪ್ಪಿಸಬಾರದು, ವಿದ್ಯಾರ್ಥಿ ಓದಬಲ್ಲನೇ ಎಂದು ಪರಿಶೀಲಿಸಬೇಕು ಎಂದದ್ದು 2024ರ ಓಂಕಾರ್ ಗೊಂಡ್ ಪ್ರಕರಣದಲ್ಲಿ. ಎರಡೂ ಕೈ ಸರಿಯಾಗಿಯೇ ಇರಬೇಕು ಎಂಬ ವೈದ್ಯಕೀಯ ಆಯೋಗದ ನಿಯಮವನ್ನು 2025ರ ಫೆಬ್ರುವರಿಯಲ್ಲಿ ಅನ್ಮೋಲ್ ಪ್ರಕರಣದಲ್ಲಿ ತರಾಟೆಗೆ ತೆಗೆದುಕೊಂಡಿತು. ಒಂದಕ್ಕಿಂತ ಒಂದು ಒಳ್ಳೆಯ ತೀರ್ಪುಗಳು. ಆದರೆ ಒಂದೊಂದು ತೀರ್ಪಿನ ಹಿಂದೆಯೂ ದೆಹಲಿಯವರೆಗೆ ಹೋಗಬಲ್ಲ ಒಬ್ಬ ವಿದ್ಯಾರ್ಥಿ, ಕಾಯುತ್ತ ಕೂರಬಲ್ಲ ಒಂದು ಕುಟುಂಬ ಬೇಕಾಯಿತು ಎಂಬುದನ್ನು ಮರೆಯಬಾರದು. ಆಂಧ್ರದ ಅಂಧ ವಿದ್ಯಾರ್ಥಿ ಶ್ರೀಕಾಂತ್ ಬೊಲ್ಲಾ ಹನ್ನೊಂದನೆಯ ತರಗತಿಯಲ್ಲಿ ವಿಜ್ಞಾನ ತೆಗೆದುಕೊಳ್ಳಲು ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಆಮೇಲೆ ಎಂಐಟಿಗೆ ಹೋದರು. ಅಂಧರೇ ಆದ ದೆಹಲಿಯ ಕಾರ್ತಿಕ್ ಸಾಹ್ನಿ ಸಿಬಿಎಸ್‌ಇ ಜೊತೆ ಸೆಣಸಿ ವಿಜ್ಞಾನ ಓದಿ, 2013ರಲ್ಲಿ ಸ್ಟ್ಯಾನ್‌ಫರ್ಡ್ ಸೇರಿದರು. ಇಬ್ಬರನ್ನೂ ನಾವು ಸಾಧಕರೆಂದು ಕೊಂಡಾಡುತ್ತೇವೆ. ಶ್ರೀಕಾಂತ್ ಬಡ ರೈತರ ಮಗ. ಆದ್ದರಿಂದ ಹಣವಿದ್ದವರಿಗಷ್ಟೇ ಸಾಧ್ಯ ಎಂದು ಹೇಳಿದರೆ ತಪ್ಪಾದೀತು. ಬೆನ್ನಿಗೆ ನಿಂತ ಒಬ್ಬ ಶಿಕ್ಷಕಿ ಅವರಿಗೆ ಸಿಕ್ಕಿದ್ದರು. ಅಂಥವರು ಸಿಗದಿದ್ದವರ ಹೆಸರು ಯಾರಿಗೂ ಗೊತ್ತಿಲ್ಲ.

ಇಲ್ಲೂ ಎರಡು ಪಟ್ಟಿಗಳ ಆಟ ನಡೆಯುತ್ತದೆ. 2018ರಿಂದ ನೀಟ್ ಉರ್ದುವಿನಲ್ಲೂ ಬರೆಯಬಹುದು. ವಿದ್ಯಾರ್ಥಿ ಸಂಘಟನೆಯೊಂದು ಸುಪ್ರೀಂ ಕೋರ್ಟಿಗೆ ಹೋಗಿ ಗಳಿಸಿದ ಹಕ್ಕು ಅದು. ಲಿಪಿಕಾರರನ್ನು ಇಟ್ಟುಕೊಳ್ಳುವುದೂ ಹಕ್ಕು. ಉರ್ದು ಪ್ರಶ್ನೆಪತ್ರಿಕೆಯನ್ನು ತಪ್ಪಿಲ್ಲದೆ ಓದಬಲ್ಲ, ರಸಾಯನಶಾಸ್ತ್ರದ ಸೂತ್ರಗಳ ಪರಿಚಯವಿರುವ, ಅಭ್ಯರ್ಥಿಗಿಂತ ಕಡಿಮೆ ಓದಿರಬೇಕೆಂಬ ನಿಯಮಕ್ಕೂ ಒಗ್ಗುವ ಲಿಪಿಕಾರ ಪರೀಕ್ಷೆಯ ದಿನ ಎಲ್ಲಿಂದ ಬರಬೇಕು ಎಂದು ಯಾವ ಸುತ್ತೋಲೆಯೂ ಹೇಳುವುದಿಲ್ಲ. ಒಂದು ಹಕ್ಕು ಚಲಾಯಿಸಲು ಇನ್ನೊಂದನ್ನು ಬಿಟ್ಟುಕೊಡಬೇಕಾದ ಸ್ಥಿತಿ ಅಭ್ಯರ್ಥಿಯದು. ಕಚೇರಿಗಳಲ್ಲೂ ಇದೇ ಕಥೆ. ನಮ್ಮ ರಾಜ್ಯದಲ್ಲಿ ವೃತ್ತಿಶಿಕ್ಷಣಕ್ಕೆ ಅರಿವು ಸಾಲ, ಹಾಸ್ಟೆಲ್ಲು ಅಲ್ಪಸಂಖ್ಯಾತರ ಇಲಾಖೆಯ ಕಡೆಯವು. ಅಂಧರಿಗೆ ಮಾತನಾಡುವ ಲ್ಯಾಪ್‌ಟಾಪ್, ಶುಲ್ಕ ಮರುಪಾವತಿ ವಿಕಲಚೇತನರ ಇಲಾಖೆಯವು. ಹಾಸ್ಟೆಲ್ಲಿಗೆ ಇಳಿಜಾರು ಕಟ್ಟಿಸುವುದು ತಮ್ಮ ಕೆಲಸವೆಂದು ಎರಡನೆಯವರು ಭಾವಿಸುವುದಿಲ್ಲ, ಅಂಗವೈಕಲ್ಯ ತಮ್ಮ ವಿಷಯವೆಂದು ಮೊದಲನೆಯವರೂ ಭಾವಿಸುವುದಿಲ್ಲ. ಕೇಂದ್ರದ ವಿದ್ಯಾರ್ಥಿವೇತನಗಳಲ್ಲಿ ಒಬ್ಬರಿಗೆ ಒಂದೇ ಎಂಬುದು ಸಾಮಾನ್ಯ ನಿಯಮ. ಮೇಲಾಗಿ, ಅಲ್ಪಸಂಖ್ಯಾತರ ಉನ್ನತ ಸಂಶೋಧನೆಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ ನಿಲ್ಲಿಸಿರುವುದಾಗಿ 2022ರ ಡಿಸೆಂಬರಿನಲ್ಲಿ ಸರ್ಕಾರ ಸಂಸತ್ತಿಗೆ ತಿಳಿಸಿತು. ಬೇರೆ ಯೋಜನೆಗಳೂ ಇರುವುದರಿಂದ ಸೌಲಭ್ಯ ಎರಡೆರಡು ಸಲ ಸಿಗುತ್ತದೆ ಎಂಬುದು ಕೊಟ್ಟ ಕಾರಣ.

ಮೂಲ ಸಮಸ್ಯೆ ಬಡತನ, ಧರ್ಮವನ್ನೂ ಅಂಗವೈಕಲ್ಯವನ್ನೂ ಇದಕ್ಕೆ ಯಾಕೆ ಎಳೆದು ತರಬೇಕು ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಓದಲಾಗದ ಪುಸ್ತಕ ಶ್ರೀಮಂತ ಅಂಧ ಮಗುವಿಗೂ ಓದಲಾಗದ್ದೇ. ಆದರೆ ಶ್ರೀಮಂತರ ಮನೆಯಲ್ಲಿ ಅದನ್ನು ಓದಿ ಹೇಳುವವರನ್ನು ಸಂಬಳಕ್ಕೆ ಇಟ್ಟುಕೊಳ್ಳುತ್ತಾರೆ. ಹಣ ಅಡ್ಡಿಯನ್ನು ಸೃಷ್ಟಿಸುವುದೂ ಇಲ್ಲ, ತೆಗೆಯುವುದೂ ಇಲ್ಲ. ಸುತ್ತುಬಳಸಿನ ದಾರಿ ಯಾರಿಗೆ ಎಂದು ತೀರ್ಮಾನಿಸುತ್ತದೆ. ಬಡತನ ನೀಗಿದರೂ ಉರ್ದುವಿನಲ್ಲಿ ಕಲಿಕಾ ನ್ಯೂನತೆಯ ಪರೀಕ್ಷೆ ತಾನಾಗಿ ಹುಟ್ಟುವುದಿಲ್ಲ. ಇನ್ನು ಕೆಲವರು, ಹೀಗೆ ವರ್ಗದೊಳಗೆ ವರ್ಗ ಮಾಡುತ್ತ ಹೋದರೆ ಮೀಸಲಾತಿಗೆ ಕೊನೆ ಎಲ್ಲಿ ಎನ್ನುತ್ತಾರೆ. ಹೊಸ ಕೋಟಾ ಕೇಳುವುದು ನನ್ನ ಉದ್ದೇಶವಲ್ಲ. 1992ರ ಇಂದ್ರಾ ಸಾಹ್ನಿ ತೀರ್ಪಿನಲ್ಲೇ ಅಂಗವಿಕಲರ ಮೀಸಲಾತಿ ಅಡ್ಡ ಸಾಲಿನದು, ಎಲ್ಲ ಜಾತಿ ವರ್ಗಗಳನ್ನೂ ಹಾದು ಹೋಗುವಂಥದ್ದು ಎಂದು ಹೇಳಿಯಾಗಿದೆ. ಸೀಟು ಹಂಚುವಾಗ ಒಪ್ಪಿಕೊಂಡ ಈ ತತ್ವವನ್ನು ಪುಸ್ತಕ ಅಚ್ಚು ಹಾಕುವಾಗ, ಹಾಸ್ಟೆಲ್ ಕಟ್ಟುವಾಗ, ಲೆಕ್ಕ ಬರೆಯುವಾಗ ಮರೆಯಬೇಡಿ ಎಂಬುದಷ್ಟೇ ಕೋರಿಕೆ. ಸಂಖ್ಯೆ ತೀರ ಸಣ್ಣದು, ಅದಕ್ಕೆ ಇಷ್ಟೆಲ್ಲ ಖರ್ಚೇ ಎಂಬ ಮಾತಿಗೂ ಉತ್ತರ ಇಲ್ಲೇ ಇದೆ. ಒಂಬತ್ತನೆಯ ತರಗತಿಯಲ್ಲೇ ಗಣಿತ ಬಿಡಿಸಿ, ಪಿಯುಸಿಯಲ್ಲಿ ಅರ್ಜಿ ಬರಲಿಲ್ಲ ಎಂದು ಬೇಡಿಕೆ ಅಳೆಯುವುದು ನ್ಯಾಯವಲ್ಲ.

ಕೊನೆಯದಾಗಿ ಅಲ್ಪಸಂಖ್ಯಾತ ಸಂಸ್ಥೆಗಳಿಗೇ ಹೇಳಬೇಕಾದ ಒಂದು ಮಾತಿದೆ. ಅದನ್ನು ಹೇಳಲು ಹಿಂಜರಿಯುವವರೇ ಹೆಚ್ಚು. 2014ರ ಪ್ರಮತಿ ತೀರ್ಪು ಅಲ್ಪಸಂಖ್ಯಾತ ಶಾಲೆಗಳನ್ನು ಶಿಕ್ಷಣ ಹಕ್ಕು ಕಾಯ್ದೆಯಿಂದ ಹೊರಗಿಟ್ಟಿತು. ಅಡೆತಡೆಯಿಲ್ಲದ ಪ್ರವೇಶ ಇರಬೇಕೆಂಬ ಆ ಕಾಯ್ದೆಯ ಕಟ್ಟಡ ನಿಯಮವೂ ಅದರೊಂದಿಗೇ ಹೊರಗುಳಿಯಿತು. ಆ ತೀರ್ಪು ಸರಿಯೇ ಎಂದು ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ 2025ರ ಸೆಪ್ಟೆಂಬರಿನಲ್ಲಿ ಪ್ರಶ್ನೆ ಎತ್ತಿದೆ. ಉನ್ನತ ಶಿಕ್ಷಣದ ಶೇ 5ರ ಮೀಸಲಾತಿ ಸರ್ಕಾರಿ ಮತ್ತು ಅನುದಾನಿತ ಸಂಸ್ಥೆಗಳಿಗೆ ಮಾತ್ರ ಎಂದು ಕಾಯ್ದೆಯ 32ನೇ ಕಲಂ ಹೇಳುವುದರಿಂದ, ಅನುದಾನರಹಿತ ಎಂಜಿನಿಯರಿಂಗ್ ಕಾಲೇಜುಗಳಿಗೆ ಆ ಕಲಂ ತಟ್ಟುವುದಿಲ್ಲ. ಅಲ್ಪಸಂಖ್ಯಾತರು ನಡೆಸುವ ಅನೇಕ ಕಾಲೇಜುಗಳು ಆ ಗುಂಪಿನಲ್ಲೇ ಬರುತ್ತವೆ. ಸಂವಿಧಾನದ 30ನೇ ವಿಧಿ ಸಮುದಾಯಕ್ಕೆ ಕೊಟ್ಟ ಸ್ವಾತಂತ್ರ್ಯ ಅಮೂಲ್ಯವಾದದ್ದು. ಆದರೆ ಅದು ಸಮುದಾಯದ ಅಂಗವಿಕಲ ಮಗುವನ್ನು ಗೇಟಿನ ಹೊರಗಿಡುವ ಸ್ವಾತಂತ್ರ್ಯವಲ್ಲ. ಸರ್ಕಾರದಿಂದ ಮಾನ್ಯತೆ ಪಡೆದ ಯಾವುದೇ ಶಿಕ್ಷಣ ಸಂಸ್ಥೆ ಕಟ್ಟಡ, ಆವರಣ, ಸೌಲಭ್ಯಗಳನ್ನು ಅಂಗವಿಕಲರಿಗೆ ತಲುಪುವಂತೆ ಮಾಡಬೇಕು ಎಂಬ 2016ರ ಕಾಯ್ದೆಯ 16ನೇ ಕಲಂಗೆ ಅಂಥ ಯಾವ ವಿನಾಯಿತಿಯೂ ಇಲ್ಲ. ಮಾಡಲು ಮನಸ್ಸಿದ್ದರೆ ಏನಾಗುತ್ತದೆ ಎಂಬುದಕ್ಕೆ ಮುಂಬೈನಲ್ಲಿ ಕ್ರೈಸ್ತರು ನಡೆಸುವ ಸೇಂಟ್ ಝೇವಿಯರ್ಸ್ ಕಾಲೇಜು 2003ರಿಂದ ನಡೆಸುತ್ತಿರುವ ದೃಷ್ಟಿದೋಷವುಳ್ಳವರ ಸಂಪನ್ಮೂಲ ಕೇಂದ್ರ ಸಾಕ್ಷಿ.

ಅಮೆರಿಕ 1980ರಲ್ಲೇ ಕಾನೂನು ಮಾಡಿ, ವಿಜ್ಞಾನ ಮತ್ತು ಎಂಜಿನಿಯರಿಂಗ್‌ನಲ್ಲಿ ಮಹಿಳೆಯರು, ಅಲ್ಪಸಂಖ್ಯಾತರು, ಅಂಗವಿಕಲರು ಎಷ್ಟಿದ್ದಾರೆ ಎಂದು ಎರಡು ವರ್ಷಕ್ಕೊಮ್ಮೆ ವರದಿ ಕೊಡುವ ಹೊಣೆಯನ್ನು ತನ್ನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಹೊರಿಸಿತು. ಎಣಿಸಿದ ಮಾತ್ರಕ್ಕೆ ಅಲ್ಲಿ ಸಮಾನತೆ ಬಂದಿಲ್ಲ. ಆದರೆ ಜಗಳವಾಡಲು ಅಂಕಿಗಳಾದರೂ ಇವೆ. ನಾವು ಅಷ್ಟು ದೂರ ಹೋಗದೆಯೂ ಇಲ್ಲಿ ಮಾಡಬಹುದಾದ ಕೆಲಸಗಳಿವೆ. ಮುಂದಿನ ಶೈಕ್ಷಣಿಕ ವರ್ಷದ ಗಣಿತ ಮತ್ತು ವಿಜ್ಞಾನ ಪಠ್ಯಗಳನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಯುನಿಕೋಡ್ ಕಡತಗಳಾಗಿ, ಚಿತ್ರಗಳಿಗೆ ವಿವರಣೆ ಸೇರಿಸಿ, ಪಠ್ಯಪುಸ್ತಕ ಸಂಘ ಜಾಲತಾಣದಲ್ಲಿ ಹಾಕಲಿ. ಸಂಗೀತ, ರಾಜ್ಯಶಾಸ್ತ್ರ ಬೇಕೆನ್ನುವ ಮಗುವಿಗೆ ಅವು ಇರಲಿ. ಆದರೆ ಗಣಿತ ಬಿಟ್ಟರೆ ಮುಂದೆ ಯಾವ ಯಾವ ಕೋರ್ಸುಗಳು ಸಿಗುವುದಿಲ್ಲ ಎಂದು ಪೋಷಕರಿಗೆ ಅವರ ಭಾಷೆಯಲ್ಲಿ ಬರೆದು ತಿಳಿಸಿ, ಸಹಿ ಪಡೆಯದೆ ಆ ಅರ್ಜಿಯನ್ನು ಸ್ವೀಕರಿಸಬಾರದು. ಸಮೀಕ್ಷೆಯ ನಮೂನೆಗೆ ಅಂಗವಿಕಲ ಅಲ್ಪಸಂಖ್ಯಾತರು ಎಂಬ ಇನ್ನೊಂದು ಸಾಲು ಸೇರಿಸಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ಕಾಯ್ದೆ ಬೇಕಿಲ್ಲ. ಇಲಾಖೆಯ ಆದೇಶ ಸಾಕು.